ಯಲ್ಲವ್ವನ ಹಾಲು ನೀಲಿಯಾದದ್ದು

ಬೆಳಿಗ್ಗೆ ಆರೂಮುಕ್ಕಾಲಿಗೆ ಯಲ್ಲವ್ವನ ಎಮ್ಮೆಯ ಹಾಲು ನೀಲಿಗೆ ತಿರುಗಿತು.

ಸರಿಯಾಗಿ ಹೇಳಬೇಕೆಂದರೆ ನೀಲಿಗೆ ತಿರುಗಿದ್ದು ಹಾಲಲ್ಲ. ಹಾಲಿನಿಂದ ತೆಗೆದ ತಿಳಿಯನ್ನು ವರದಾ ಒಂದು ಸಣ್ಣ ಗಾಜಿನ ನಳಿಕೆಗೆ ಹಾಕಿದ್ದಳು. ಆ ನಳಿಕೆಯಲ್ಲಿ ಮೊದಲೇ ಇದ್ದ ಕೆಂಪು ನೀರು ನೀಲಿಯಾಗಿತ್ತು. ಆದರೆ ಅಷ್ಟು ಬಿಡಿಸಿ ನೋಡುವ ಪುರಸೊತ್ತು ಅತ್ತಿಕೊಪ್ಪದಲ್ಲಿ ಯಾರಿಗೂ ಇರಲಿಲ್ಲ. ಡೇರಿಯ ಕಟ್ಟೆಯ ಮುಂದೆ ಕ್ಯಾನು ಹಿಡಿದು ನಿಂತವರು ಕಂಡದ್ದು ಇಷ್ಟೇ: ಯಲ್ಲವ್ವನ ಮನೆಯದು ಬಿದ್ದದ್ದೇ ತಡ, ಬಣ್ಣ ಕೆಟ್ಟಿತು. ಏಳು ಹೊಡೆಯುವುದರೊಳಗೆ ಅದು ಊರ ಬಾಯಲ್ಲಿ ವಿಷದ ಹಾಲಾಗಿತ್ತು.

ವರದಾ ಹುಟ್ಟಿ ಬೆಳೆದದ್ದು ರಾಮದುರ್ಗದಲ್ಲಿ. ಈಗ ಬೆಳಗಾವಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಹಾಲಿನಲ್ಲಿರುವ ವಿಷವನ್ನು ಹಳ್ಳಿಯಲ್ಲೇ, ದೊಡ್ಡ ಯಂತ್ರವಿಲ್ಲದೆ, ಬರೀ ಬಣ್ಣ ನೋಡಿ ಹೇಳುವ ಒಂದು ಪರೀಕ್ಷೆಯನ್ನು ಅವಳ ತಂಡ ರೂಪಿಸಿತ್ತು. ಪ್ರಯೋಗಾಲಯದಲ್ಲಿ ಅದು ಗೆದ್ದು ವರ್ಷವಾಗಿತ್ತು. ಇನ್ನು ಊರಲ್ಲಿ ಗೆಲ್ಲಬೇಕಿತ್ತು. ನೇಸರಗಿ, ಕಿತ್ತೂರು, ಸವದತ್ತಿ ಕಡೆಯ ಡೇರಿಗಳಲ್ಲಿ ಒಟ್ಟು ಕ್ಯಾನಿನ ಹಾಲು ತೆಗೆದು ನೋಡಿದಾಗ ಎಲ್ಲವೂ ಸುಸೂತ್ರವಾಗಿತ್ತು. ಕೊನೆಯ ಹಂತಕ್ಕೆ ಒಂದೇ ಊರು, ಮನೆಮನೆಯ ಹಾಲು ಬೇರೆ ಬೇರೆ ಬೇಕಿತ್ತು. ಡೇರಿಯ ಕ್ಯಾನಿನ ಜೊತೆ ಒಂದೊಂದು ಮನೆಯವರೂ ಪರೀಕ್ಷೆಗೆಂದು ಒಂದು ಲೋಟ ಹಾಲು ಬೇರೆಯಾಗಿ ತಂದುಕೊಡಬೇಕಿತ್ತು. ಸಾಲಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಅತ್ತಿಕೊಪ್ಪವನ್ನು ಆರಿಸಿದವಳು ಅವಳೇ. ರಾಮದುರ್ಗದಲ್ಲಿ ತಾಯಿಯ ತಂಗಿಯಾದ ಮಾವಶಿ ಲೀಲಾಬಾಯಿಯ ಮನೆ ಇದೆ, ಉಳಿಯಲು ಅನುಕೂಲ, ಜನ ತನ್ನ ಕಡೆಯವರೇ, ಮಾತು ತಿಳಿಯುತ್ತದೆ ಎಂಬುದು ಅವಳ ಲೆಕ್ಕ.

ಆ ಕೆಂಪು ನೀರಿನಲ್ಲಿದ್ದದ್ದು ಬಂಗಾರ. ಅಪ್ಪಟ ಬಂಗಾರವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನಾಗಿ ಮಾಡಿ ನೀರಿನಲ್ಲಿ ತೇಲಿಬಿಟ್ಟರೆ ಅದು ಹಳದಿ ಕಾಣುವುದಿಲ್ಲ, ಕೋಕಂ ಶರಬತ್ತಿನ ಕೆಂಪು ಬರುತ್ತದೆ. ಕಣಗಳು ಒಂದಕ್ಕೊಂದು ದೂರ ಇರುವ ತನಕ ಕೆಂಪು; ಒಂದಕ್ಕೊಂದು ಅಂಟಿ ಗುಂಪು ಕಟ್ಟಿದರೆ ನೀಲಿ. ಕಣಗಳ ಮೈಗೆ ಡಿಎನ್‌ಎಯ ಸಣ್ಣ ಎಳೆಗಳನ್ನು ಹೊದಿಸಿರುತ್ತಾರೆ. ಆ ಎಳೆಗಳು ಗುರುತು ಹಿಡಿಯುವುದು ಒಂದೇ ವಸ್ತುವನ್ನು. ಅದು ಅಫ್ಲಾಟಾಕ್ಸಿನ್, ಬೂಷ್ಟು ಹಿಡಿದ ಹಿಂಡಿಯಿಂದ ಎಮ್ಮೆಯ ಹೊಟ್ಟೆಗೆ, ಅಲ್ಲಿಂದ ಹಾಲಿಗೆ ಇಳಿಯುವ ವಿಷ. ಹಾಲಿನಲ್ಲಿ ಅದು ಇದ್ದರೆ ಎಳೆಗಳು ಬಂಗಾರವನ್ನು ಬಿಟ್ಟು ಅದನ್ನು ಹಿಡಿದುಕೊಳ್ಳುತ್ತವೆ. ಬಂಗಾರದ ಮೈ ಬತ್ತಲಾಗುತ್ತದೆ. ಕೊನೆಯಲ್ಲಿ ಅಳೆದು ತೂಗಿ ಒಂದಿಷ್ಟು ಉಪ್ಪುನೀರು ಹಾಕುತ್ತಾರೆ. ಹೊದಿಕೆ ಇದ್ದ ಬಂಗಾರ ಆ ಉಪ್ಪನ್ನು ತಾಳಿಕೊಂಡು ಕೆಂಪಾಗಿಯೇ ಉಳಿಯುತ್ತದೆ. ಬತ್ತಲೆ ಬಂಗಾರ ತಾಳುವುದಿಲ್ಲ, ಗುಂಪು ಕಟ್ಟಿ ನೀಲಿಯಾಗುತ್ತದೆ. ಕೆಂಪು ಅಂದರೆ ಒಳ್ಳೆಯ ಹಾಲು, ನೀಲಿ ಅಂದರೆ ವಿಷ. ಊರವರಿಗೆ ವರದಾ ಹೇಳಿದ್ದು ಇದು ಬಂಗಾರದ ನೀರು ಎಂಬುದನ್ನು ಮತ್ತು ಈ ಕೊನೆಯ ಮಾತನ್ನು ಮಾತ್ರ. ಅಷ್ಟು ಹೇಳಿದ್ದೇ ತಪ್ಪಾಯಿತು ಎಂದು ಅವಳಿಗೆ ಆಮೇಲೆ ಅನ್ನಿಸಿತು.

ಯಲ್ಲವ್ವನಿಗೆ ಐವತ್ತರ ಮೇಲೆ ವಯಸ್ಸು. ಮನೆಯಲ್ಲಿ ಎರಡು ಎಮ್ಮೆ. ಒಂದು ಗಬ್ಬ, ಇನ್ನೊಂದು ಈದು ತಿಂಗಳಾಗಿತ್ತು. ಹಾಲಿನ ಕೆಲಸವೆಲ್ಲ ಅವಳದು ಮತ್ತು ಸೊಸೆ ಗಂಗಾಳದು. ಗಂಗಾಳಿಗೆ ಎರಡು ವರ್ಷದ ಮಗ. ಆ ಹುಡುಗನಿಗೆ ಅನ್ನಕ್ಕಿಂತ ಹೆಚ್ಚು ಹೊಟ್ಟೆಗೆ ಹೋಗುತ್ತಿದ್ದದ್ದು ಆ ಎಮ್ಮೆಯ ಹಾಲು.

ನೀಲಿಯಾದ ದಿನ ಸಂಜೆ ಯಲ್ಲವ್ವ ಎಂದಿನಂತೆ ಕ್ಯಾನು ಹೊತ್ತು ಡೇರಿಗೆ ಹೋದಳು. ಕಾರ್ಯದರ್ಶಿ ಅಮೋಘಸಿದ್ದಪ್ಪ ಕ್ಯಾನಿನ ಮುಚ್ಚಳ ತೆಗೆಯಲಿಲ್ಲ. ಟ್ಯಾಂಕರಿನ ಹಾಲಿಗೆಲ್ಲ ತಾನು ಜವಾಬ್ದಾರ, ಮೇಡಂ ಸರಿ ಅನ್ನುವ ತನಕ ಆ ಮನೆಯ ಹಾಲು ಬೇಡ ಎಂದ. ವರದಾ ಅಲ್ಲೇ ಇದ್ದಳು. ಇದು ಇನ್ನೂ ಪ್ರಯೋಗ, ಇದನ್ನು ನಂಬಿ ಯಾರ ಹಾಲನ್ನೂ ತಿರಸ್ಕರಿಸಬಾರದು, ದೊಡ್ಡ ಪ್ರಯೋಗಾಲಯದ ವರದಿ ಬರಬೇಕು ಎಂದು ಅವಳು ಹೇಳಿದಳು. ನಂಬದಿದ್ದರೆ ಮತ್ತೆ ಯಾಕೆ ಮಾಡುತ್ತೀರಿ ಎಂದು ಅವನು ಕೇಳಿದ. ಅದಕ್ಕೆ ಅವಳ ಬಳಿ ಇದ್ದ ಉತ್ತರ ಉದ್ದದ್ದು. ಸಾಲು ಹಿಂದೆ ಬೆಳೆಯುತ್ತಿತ್ತು.

ಯಲ್ಲವ್ವ ಕ್ಯಾನು ತಲೆಗೇರಿಸಿಕೊಳ್ಳುವ ಮೊದಲು ವರದಾಳ ಎದುರು ನಿಂತಳು. ಓದಿದ ಹೆಂಗಸರೆಲ್ಲ ಅವಳಿಗೆ ಬಾಯಾರು.

"ಬಾಯಾರ, ಬಂಗಾರದ ನೀರ ಅಂತೀರಿ, ಕೆಂಪ ಐತಿ. ಕೆಂಪ ಅಂತೀರಿ, ನೀಲಿ ಆತು. ನಮ್ಮ ಹಾಲ ಬೆಳ್ಳಗಿತ್ತು, ಬೆಳ್ಳಗ ಐತಿ. ಯಾರದ ಕೆಟ್ಟೈತಿ ನೀವ ಹೇಳ್ರಿ."

ವರದಾಳ ತಲೆಯಲ್ಲೂ ಅದೇ ಪ್ರಶ್ನೆ ಕುಳಿತಿತ್ತು.

ಮರುದಿನದಿಂದ ಅವಳು ಒಂದೊಂದನ್ನೇ ಅನುಮಾನಿಸತೊಡಗಿದಳು. ಮೊದಲು ನಳಿಕೆಗಳು. ತೊಳೆಯುವಾಗ ಊರಿನ ಬೋರಿನ ನೀರು ತಾಗಿದ್ದರೆ? ಎಲ್ಲ ಎಸೆದು ಬೆಳಗಾವಿಯಿಂದ ತಂದ ಹೊಸ ಪೆಟ್ಟಿಗೆ ಒಡೆದಳು. ನೀಲಿ. ಆಮೇಲೆ ಬಿಸಿಲು. ಜೀಪಿನಲ್ಲಿ ಬರುವಾಗ ಬಂಗಾರದ ನೀರು ಕಾಯ್ದಿದ್ದರೆ? ಐಸಿನಲ್ಲಿಟ್ಟು ತಂದಳು. ನೀಲಿ. ಡಿಎನ್‌ಎಯೇ ಕೆಟ್ಟಿದ್ದರೆ? ಶುದ್ಧವೆಂದು ಗೊತ್ತಿದ್ದ ಪ್ರಯೋಗಾಲಯದ ಹಾಲು ಹಾಕಿದರೆ ನಳಿಕೆ ಕೆಂಪಾಗಿಯೇ ನಿಂತಿತು. ಬೇಕೆಂದೇ ವಿಷ ಬೆರೆಸಿ ತಂದದ್ದು ನೀಲಿಯಾಯಿತು. ಪರೀಕ್ಷೆ ಸರಿಯಾಗಿದೆ. ಯಲ್ಲವ್ವನದು ಮಾತ್ರ ಪ್ರತಿಸಲವೂ, ಉಪ್ಪುನೀರು ಬೀಳುವ ಮೊದಲೇ, ಕಡು ನೀಲಿ. ಅದಕ್ಕಿಂತ ತಲೆ ಕೆಡಿಸಿದ್ದು ಬೇರೆ ಕೆಲವು ಮನೆಗಳ ಹಾಲು. ಅವು ಕೆಂಪೂ ಅಲ್ಲದ ನೀಲಿಯೂ ಅಲ್ಲದ ನೇರಳೆಗೆ ಬಂದು ನಿಂತುಬಿಡುತ್ತಿದ್ದವು. ಒಂದು ದಿನ ನೇರಳೆಯಾದ ಮನೆಯದು ಇನ್ನೊಂದು ದಿನ ಕೆಂಪು.

ಹಿಂಡಿ ನೋಡೋಣವೆಂದು ಯಲ್ಲವ್ವನ ಕೊಟ್ಟಿಗೆಗೆ ಹೋದಳು. ಹತ್ತಿಕಾಳಿನ ಹಿಂಡಿ, ಗೋವಿನಜೋಳದ ನುಚ್ಚು, ಒಣ ಜೋಳದ ದಂಟಿನ ಕಣಕಿ. ಚೀಲ ಹಲಗೆಯ ಮೇಲಿತ್ತು, ಗೋಡೆಗೆ ತಾಗಿರಲಿಲ್ಲ. ಕೈ ಹಾಕಿ ತೆಗೆದು ಮೂಸಿದಳು. ಒಣಗಿ ಗರಿಗರಿಯಾಗಿತ್ತು. ಇದಕ್ಕಿಂತ ಕೆಟ್ಟ ವಾಸನೆಯ ಹಿಂಡಿಯನ್ನು ಅವಳು ಅದೇ ಊರಿನಲ್ಲಿ ಕಂಡಿದ್ದಳು. ಡೇರಿಯ ಹಿಂದಿನ ಖೋಲಿಯಲ್ಲಿ ಅಮೋಘಸಿದ್ದಪ್ಪ ತನ್ನ ಎಮ್ಮೆಗಳಿಗೆಂದು ಮಳೆಗಾಲಕ್ಕೆ ಮೊದಲೇ ಸವದತ್ತಿಯಿಂದ ಸಗಟು ತಂದ ಶೇಂಗಾ ಹಿಂಡಿಯ ಚೀಲಗಳನ್ನು ಒದ್ದೆ ಗೋಡೆಗೆ ಒರಗಿಸಿ ಪೇರಿಸಿದ್ದ. ಹಾಲು ತಿರುಗಿಸಿ ತಿಳಿ ಬೇರ್ಪಡಿಸುವ ತನ್ನ ಸಣ್ಣ ಯಂತ್ರಕ್ಕೆ ಕರೆಂಟು ಹುಡುಕುತ್ತ ವರದಾ ಅಲ್ಲಿಗೆ ಹೋದಾಗ ಆ ಮುಗ್ಗಲು ವಾಸನೆ ಮೂಗಿಗೆ ಬಡಿದಿತ್ತು. ಆದರೆ ಡೇರಿಯ ಪದಾಧಿಕಾರಿಗಳ ಮನೆಯ ಹಾಲನ್ನು ಪ್ರಯೋಗಕ್ಕೆ ಸೇರಿಸಬಾರದೆಂದು ಯೋಜನೆಯ ನಿಯಮ. ಅವನ ಹಾಲು ನಳಿಕೆಯ ತನಕ ಬಂದಿರಲಿಲ್ಲ.

ಉಪ್ಪಿನ ಯೋಚನೆ ಅವಳಿಗೆ ಬಂದಿರಲಿಲ್ಲವೆಂದಲ್ಲ. ನೀರು ಬೆರೆಸಿದ್ದು ಗೊತ್ತಾಗದಿರಲೆಂದು ಹಾಲಿಗೆ ಉಪ್ಪು ಹಾಕುವವರು ಇದ್ದಾರೆ. ಹಾಲಿನಲ್ಲಿ ತಾನಾಗಿಯೇ ಇರುವ ಲವಣವನ್ನು ಲೆಕ್ಕ ಹಿಡಿದೇ ಅವಳು ಉಪ್ಪುನೀರಿನ ಅಳತೆ ಹೊಂದಿಸಿದ್ದಳು. ಅದಕ್ಕಿಂತ ಹೆಚ್ಚಾದರೆ ಹೊದಿಕೆ ಇದ್ದ ಬಂಗಾರವೂ ತಾಳುವುದಿಲ್ಲ. ಡೇರಿಗೆ ಹಾಕುವ ಹಾಲಿಗೆ ಏನಾದರೂ ಬೆರೆಸುತ್ತೀರಾ ಎಂದು ಅವಳು ಯಲ್ಲವ್ವನನ್ನು ನೇರವಾಗಿಯೇ ಕೇಳಿದ್ದಳು. ಯಲ್ಲವ್ವ ಮೈಮೇಲೆ ಬಂದಂತೆ ಎದ್ದು, ಎಮ್ಮೆಯ ಬೆನ್ನು ಮುಟ್ಟಿ ಇಲ್ಲವೆಂದಿದ್ದಳು. ಡೇರಿಯಲ್ಲಿ ದಿನವೂ ಹಾಲಿನ ಕೊಬ್ಬು ಅಳೆಯುತ್ತಾರೆ, ನೀರು ಬೆರೆಸಿದ್ದರೆ ಅದು ಇಳಿಯಬೇಕು. ಯಲ್ಲವ್ವನ ಹಾಲು ಒಂದು ದಿನವೂ ಕಡಿಮೆ ಬಿದ್ದಿರಲಿಲ್ಲ. ಉಪ್ಪಿನ ಅನುಮಾನವನ್ನು ವರದಾ ಅಲ್ಲಿಗೆ ಕೈಬಿಟ್ಟಳು.

ಬೆಳಗಾವಿಯಿಂದ ಮುಕುಂದ ಸರ್ ದಿನವೂ ಫೋನ್ ಮಾಡುತ್ತಿದ್ದರು. ಯೋಜನೆ ಅವರದು, ವರದಾ ಅವರ ಕೈಕೆಳಗಿನವಳು. ನೀಲಿ ಬಂದದ್ದು ಅವರಿಗೆ ಸಂತೋಷದ ಸುದ್ದಿ. ಪರೀಕ್ಷೆಗೆ ವಿಷ ಸಿಕ್ಕಿತು ಅಂದರೆ ಪರೀಕ್ಷೆ ಕೆಲಸ ಮಾಡುತ್ತಿದೆ ಎಂದೇ ಅರ್ಥ ಅಂದರು. ಅತ್ತಿಕೊಪ್ಪಕ್ಕೆ ಬಂದ ಮೊದಲ ದಿನ ನೋಡಿದ, ಯಲ್ಲವ್ವನ ಹಾಲೂ ಸೇರಿದ್ದ ಡೇರಿಯ ಒಟ್ಟು ಕ್ಯಾನು ಕೆಂಪು ತೋರಿಸಿತ್ತಲ್ಲ ಎಂದು ಅವಳು ನೆನಪಿಸಿದರೆ, ಹತ್ತು ಮನೆಯ ಹಾಲಿನಲ್ಲಿ ಬೆರೆತರೆ ವಿಷ ತೆಳುವಾಗುತ್ತದೆ ಎಂಬ ಉತ್ತರ ಸಿದ್ಧವಾಗಿತ್ತು. ಅದು ತಪ್ಪು ಉತ್ತರವೂ ಆಗಿರಲಿಲ್ಲ. ಹಾಗಾದರೆ ನೇರಳೆ ಯಾಕೆ ಎಂದರೆ, ಅಂಥವನ್ನು ಬಿಟ್ಟುಬಿಡು ಎಂದರು. ಖಚಿತಪಡಿಸಿಕೊಳ್ಳಲು ಯಲ್ಲವ್ವನ ಹಾಲನ್ನು ಹುಬ್ಬಳ್ಳಿಯ ಒಂದು ಪ್ರಯೋಗಾಲಯಕ್ಕೆ ಕಳಿಸಿದ್ದಳು. ಅಲ್ಲಿನ ಯಂತ್ರದ ಯಾವುದೋ ಭಾಗ ಕೆಟ್ಟು, ಹೊಸದು ಬರುವುದರೊಳಗೆ ಹಾಲು ಒಡೆದುಹೋಯಿತು ಎಂದು ತಿಳಿಸಿದರು. ಇನ್ನೊಂದು ಮಾದರಿ ಕಳಿಸಿ ಎಂದರು. ಯಂತ್ರ ಸರಿಯಾಯಿತೇ ಎಂದು ಕೇಳಿದ್ದಕ್ಕೆ, ಆದ ಮೇಲೆ ಕಳಿಸಿ ಎಂದರು.

ಇತ್ತ ಗಂಗಾ ಮಗನಿಗೆ ಹಾಲು ಕೊಡುವುದನ್ನು ನಿಲ್ಲಿಸಿದ್ದಳು. ಹಾಲು ಹಿಂಡುವ ಹೊತ್ತಿಗೆ ಹುಡುಗ ಬಟ್ಟಲು ಹಿಡಿದು ಬಂದು ಕೊಟ್ಟಿಗೆಯ ಬಾಗಿಲಲ್ಲಿ ಅಳುತ್ತ ನಿಲ್ಲುತ್ತಿದ್ದ. ಅತ್ತೆ ಸೊಸೆ ಹಿಂಡಿದ್ದನ್ನು ಹೆಪ್ಪು ಹಾಕಿ ಬೆಣ್ಣೆ ತೆಗೆದರು. ಬೆಣ್ಣೆಯನ್ನು ಊರಲ್ಲಿ ಯಾರೂ ಮುಟ್ಟಲಿಲ್ಲ. ಹೋದ ವಾರದ ತನಕ ಇದೇ ಹಾಲು ಕುಡಿದಿದ್ದಾನಲ್ಲ, ಹುಡುಗನಿಗೆ ಏನಾಗುತ್ತದೆ ಎಂದು ಗಂಗಾ ಕೇಳಿದಾಗ, ಸ್ವಲ್ಪ ದಿನಕ್ಕೆ ಏನೂ ಆಗುವುದಿಲ್ಲ, ವರ್ಷಗಟ್ಟಲೆ ಕುಡಿದರೆ ಯಕೃತ್ತಿಗೆ ಕೆಟ್ಟದ್ದು ಎಂದು ವರದಾ ಹೇಳಿದಳು. ನಿಜವನ್ನೇ ಹೇಳಿದ್ದಳು. ಗಂಗಾ ಕೇಳಿಸಿಕೊಂಡದ್ದು ಎರಡನೆಯ ಅರ್ಧವನ್ನು ಮಾತ್ರ.

ಅಂದು ಸಂಜೆ ವರದಾ ರಾಮದುರ್ಗದ ಮನೆಗೆ ಬಂದಾಗ ಯಾರ ಜೊತೆಗೂ ಮಾತು ಬೇಡವಾಗಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಚಹಾದ ಕಪ್ಪು ಹಿಡಿದು ಕುಳಿತಳು. ಹೊರಗೆ ನೆರೆಮನೆಯ ಮಹಾನಂದಾ ಬಂದು, ಬೀಗರು ಬಂದಿದ್ದಾರೆ, ಒಂದು ಲೋಟ ಹಾಲು ಬೇಕಿತ್ತು ಎಂದಳು. ಲೀಲಾಬಾಯಿ ಪಾತೇಲಿಯಿಂದ ಹಾಲು ಬಗ್ಗಿಸಿದಳು. ಕೈ ತನ್ನಷ್ಟಕ್ಕೆ ಒಲೆಯ ಪಕ್ಕದ ಡಬ್ಬಿಗೆ ಹೋಯಿತು. ಚಿಟಿಕೆಯಲ್ಲಿ ಏನನ್ನೋ ಹಿಡಿದು ಲೋಟಕ್ಕೆ ಬಿಟ್ಟು, ಸೆರಗು ಮುಚ್ಚಿ ಕೊಂಡೊಯ್ದು ಕೊಟ್ಟು ಬಂದಳು.

ವರದಾಳ ಕಪ್ಪು ಬಾಯಿಯ ಹತ್ತಿರವೇ ನಿಂತಿತು.

"ಮಾವಶಿ, ಏನ ಹಾಕಿದಿ ಅದರಾಗ?"

"ಏನ ಹಾಕಲಿ? ನಾಕ ಹಳ್ಳುಪ್ಪು."

"ಹಾಲಿಗೆ?"

"ಮತ್ತ ಹೊರಗಿನವರಿಗೆ ಬರೇ ಹಾಲ ಕೊಡತಾರೇನು? ದೃಷ್ಟಿ ಆಗತದ. ಸಣ್ಣಾಕಿದ್ದಾಗ ನೀನ ಎಷ್ಟ ಮನಿಗೆ ಒಯ್ದು ಕೊಟ್ಟೀಯಲ್ಲ."

ಒಯ್ದು ಕೊಟ್ಟದ್ದು ವರದಾಳಿಗೆ ನೆನಪಾಯಿತು. ಹಿತ್ತಾಳೆಯ ಗಿಂಡಿ, ತಳದಲ್ಲಿ ಕರಗದೆ ಉಳಿದು ಕಟಕಟ ಎನ್ನುವ ಉಪ್ಪಿನ ಹರಳು, ದಾರಿಯಲ್ಲಿ ಯಾರಾದರೂ ಏನದು ಎಂದು ಕೇಳಿದರೆ ಹಾಲು ಅನ್ನಬಾರದೆಂಬ ಕಟ್ಟಪ್ಪಣೆ. ಎಲ್ಲ ಇದ್ದ ಹಾಗೇ ಇತ್ತು, ತಲೆಯ ಯಾವುದೋ ಮೂಲೆಯಲ್ಲಿ, ಉಪಯೋಗಕ್ಕೆ ಬಾರದಂತೆ.

ಹಾಗಾದರೆ ದಿನವೂ ಮನೆಗೆ ಹಾಲು ಹಾಕುವ ಗೌಳಿಯೂ ಉಪ್ಪು ಹಾಕಿ ತರುತ್ತಾನೇನು ಎಂದು ಅವಳು ಕೇಳಿದಳು.

"ಅಂವಾ ಯಾಕ ಹಾಕ್ಯಾನು? ಅಂವಾ ಮಾರತಾನ," ಎಂದಳು ಲೀಲಾಬಾಯಿ. "ಮಾರೂದ ಬ್ಯಾರೆ, ಕೊಡೂದ ಬ್ಯಾರೆ."

ವರದಾ ಎದ್ದು ಐಸಿನ ಪೆಟ್ಟಿಗೆ ತೆರೆದಳು. ಬೆಳಗಿನ ಯಲ್ಲವ್ವನ ಹಾಲು ಒಂದು ಬಾಟಲಿಯ ತಳದಲ್ಲಿ ಉಳಿದಿತ್ತು. ಪ್ರಯೋಗಾಲಯದ ವಸ್ತು ಯಾವುದನ್ನೂ ನಾಲಗೆಗೆ ತಾಗಿಸಬಾರದು ಎಂಬುದು ಅವಳು ಕಲಿತ ಮೊದಲ ಪಾಠ. ಅವಳೇ ಈಗ ಹೊಸಬರಿಗೆ ಅದನ್ನು ಕಲಿಸುತ್ತಿದ್ದಳು. ಬೆರಳು ಅದ್ದಿ ನಾಲಗೆಗೆ ಹಚ್ಚಿದಳು. ಮಜ್ಜಿಗೆಗೆ ಹಾಕುವಷ್ಟು ಉಪ್ಪಿತ್ತು.

ಅವಳಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಅಂದು ಊಟ ಬಿಟ್ಟಳು.

ಮರುದಿನ ಹಾಲು ಹಿಂಡುವ ಹೊತ್ತಿಗೆ ಅವಳು ಯಲ್ಲವ್ವನ ಕೊಟ್ಟಿಗೆಯಲ್ಲಿದ್ದಳು. ನನಗೆ ಕೊಟ್ಟ ಹಾಲಿಗೆ ಉಪ್ಪು ಹಾಕಿದ್ದಿರೇನು ಎಂದು ಕೇಳಿದಳು. ಯಲ್ಲವ್ವ ಮುಚ್ಚಿಡಲಿಲ್ಲ. ಹಾಕದೆ ಇರುತ್ತೇನೆಯೇ, ಎಮ್ಮೆ ಈದು ತಿಂಗಳಾಗಿದೆ, ದೃಷ್ಟಿ ಬೇಗ ತಾಗುತ್ತದೆ, ಮೂರು ಬೆರಳ ತುಂಬ ಹಾಕಿದ್ದೆ ಎಂದಳು. ಬೇರೆ ಮನೆಯ ಹೆಂಗಸರೂ ಹಾಕುತ್ತಾರೆ, ಕೆಲವರು ಚಿಟಿಕೆ, ಕೆಲವರು ನೆನಪಾದ ದಿನ. ನೇರಳೆಗೂ ಕಾರಣ ಸಿಕ್ಕಿತು.

"ಬೆರಸತೀರೇನು ಅಂತ ಕೇಳಿದಾಗ ಯಾಕ ಹೇಳಲಿಲ್ರಿ ಮತ್ತ?"

"ಡೇರಿ ಹಾಲಿಗಿ ಅಂತ ಕೇಳಿದ್ರಿ. ಡೇರಿ ಹಾಲಿಗಿ ಒಂದ ಹಳ್ಳ ಉಪ್ಪ ಹಾಕಿದ್ರ ನನ್ನ ಕೈ ಸೇದಿ ಹೋಗಲಿ." ಯಲ್ಲವ್ವ ಸ್ವಲ್ಪ ತಡೆದು ಮುಂದುವರಿಸಿದಳು. "ಮತ್ತ ನಿಮಗ ಹೆಂಗ ಹೇಳೂದ್ರೀ ಬಾಯಾರ? ನಿಮ್ಮ ಕಣ್ಣ ಕೆಟ್ಟ ಐತಿ, ಅದಕ್ಕ ಉಪ್ಪ ಹಾಕೇನಿ ಅಂತ ಮಾರಿ ಮುಂದ ಹೇಳತಾರೇನು?"

ಉಪ್ಪಿಲ್ಲದ ಹಾಲು ಒಂದು ಲೋಟ ಕೊಡಿ, ಈಗಲೇ ನೋಡಿಬಿಡೋಣ ಎಂದಳು ವರದಾ. ಯಲ್ಲವ್ವ ಒಪ್ಪಲಿಲ್ಲ. ಹಿಂದೊಮ್ಮೆ ಅಂಗನವಾಡಿಯವರು ಕೇಳಿದರೆಂದು ಬರೀ ಹಾಲು ಕೊಟ್ಟು, ವಾರದೊಳಗೆ ಎಮ್ಮೆ ಬತ್ತಿತ್ತು. ಡೇರಿ ಬಾಗಿಲು ಹಾಕಿದೆ, ಊರು ದೂರ ಮಾಡಿದೆ, ಇನ್ನು ಎಮ್ಮೆಯನ್ನೂ ಕಳೆದುಕೊಳ್ಳಲೇ ಎಂದಳು. ವರದಾ ಬೇಡಿಕೊಂಡಳು, ದನಿ ಏರಿಸಿದಳು, ಮತ್ತೆ ಬೇಡಿಕೊಂಡಳು. ಗಂಗಾ ಮಗನನ್ನು ಸೊಂಟದ ಮೇಲಿಟ್ಟುಕೊಂಡು ಎಲ್ಲ ಕೇಳುತ್ತಿದ್ದಳು. ಕೊನೆಗೆ ಅವಳು ಅತ್ತೆಗೆ ಹೇಳಿದಳು:

"ಅತ್ತಿ, ಬಾಯಾರು ಹತ್ತ ರೂಪಾಯಿ ಕೊಟ್ಟ ತಗೋಳ್ಲಿ. ಮಾರಿದ ಮ್ಯಾಲ ಅದು ಯಾರ ಕಣ್ಣಿಗೆ ಬಿದ್ರೇನು?"

ಯಲ್ಲವ್ವ ಯೋಚಿಸಿ, ಅದಾದೀತು ಎಂದಳು.

ಆದರೆ ಯೋಜನೆಯ ನಿಯಮದಲ್ಲಿ ಅದು ಆಗುವಂಥದ್ದಲ್ಲ. ಮಾದರಿಯನ್ನು ಸ್ವಇಚ್ಛೆಯಿಂದ ಪಡೆಯಬೇಕು, ಪ್ರತಿಫಲ ಕೊಡಕೂಡದು. ಕೊಟ್ಟರೆ ಜನ ಹಣಕ್ಕಾಗಿ ಹಾಲು ಕೊಡುತ್ತಾರೆ, ಫಲಿತಾಂಶ ಕೆಡುತ್ತದೆ ಎಂದು ಆ ನಿಯಮ ಮಾಡಿದವರ ತರ್ಕ. ವರದಾ ಪರ್ಸಿನಿಂದ ಹತ್ತರ ನೋಟು ತೆಗೆದು ಕೊಟ್ಟಳು. ಯಲ್ಲವ್ವ ಅದನ್ನು ಎಮ್ಮೆಯ ಹಣೆಗೆ ಮುಟ್ಟಿಸಿ ಕುಬಸದೊಳಗೆ ಇಟ್ಟುಕೊಂಡಳು. ವರದಾ ಅಲ್ಲೇ ಕೊಟ್ಟಿಗೆಯ ಕಟ್ಟೆಯ ಮೇಲೆ ಯಂತ್ರ ತಿರುಗಿಸಿ, ತಿಳಿ ತೆಗೆದು ನಳಿಕೆಗೆ ಹಾಕಿ, ಅಳತೆಯ ಉಪ್ಪುನೀರು ಬಿಟ್ಟಳು. ಮೂವರೂ ನೋಡಿದರು. ಕೆಂಪು ಕೆಂಪಾಗಿಯೇ ನಿಂತಿತು.

ಗಂಗಾ ಒಳಗೆ ಹೋಗಿ ಮಗನ ಬಟ್ಟಲು ತಂದಳು.

ವರದಾ ಮುಕುಂದ ಸರ್‌ಗೆ ಫೋನ್ ಹಚ್ಚಿದಳು. ಎಲ್ಲ ಕೇಳಿಕೊಂಡ ಅವರು, ಹಾಗಾದರೆ ನಾವು ಮೂರು ವರ್ಷ ಕೂತು ಮಾಡಿದ್ದು ಉಪ್ಪು ಹುಡುಕುವ ಸಾಧನವೇ ಎಂದು ಕೇಳಿದರು. ಮನೆಮನೆಯಿಂದ ತಂದ ಎಲ್ಲ ಫಲಿತಾಂಶ ಕಸಕ್ಕೆ ಹೋಯಿತು. ಹಣ ಕೊಟ್ಟು ತೆಗೆದುಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ. ನಿಯಮ ತಿದ್ದಬೇಕಾದರೆ ಸಮಿತಿ ಸೇರಬೇಕು, ಸಮಿತಿ ಸೇರುವುದು ಮುಂದಿನ ತ್ರೈಮಾಸಿಕದಲ್ಲಿ. ಅಲ್ಲಿಯವರೆಗೆ ಸಾಮಾನು ಕಟ್ಟಿಕೊಂಡು ಬಾ ಎಂದರು. ಯಲ್ಲವ್ವನ ಹಾಲಿನ ಗತಿ ಏನು ಎಂದು ವರದಾ ಕೇಳಿದಳು. ಅದು ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಅವರ ಉತ್ತರ.

ವರದಾ ಸಾಮಾನು ಕಟ್ಟಿದಳು. ಆದರೆ ಜೀಪಿಗೆ ಹಾಕಲಿಲ್ಲ, ಡೇರಿಗೆ ಹೊತ್ತೊಯ್ದಳು. ಯಲ್ಲವ್ವ ಕ್ಯಾನು ಹೊತ್ತು ಹಿಂದೆ ಬಂದಳು.

ಡೇರಿಯ ಮುಂದೆ ಬೆಳಗಿನ ಸಾಲು ನೆರೆದಿತ್ತು. ವರದಾ ಕಟ್ಟೆಯ ಮೇಲೆ ನಳಿಕೆಗಳನ್ನು ಜೋಡಿಸಿ, ಉಪ್ಪಿನ ಕತೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ಯಲ್ಲವ್ವನ ಕ್ಯಾನಿನಿಂದಲೇ ಹಾಲು ತೆಗೆದು ಎಲ್ಲರೆದುರು ಪರೀಕ್ಷೆ ಮಾಡಿದಳು. ಕೆಂಪು. ಅಮೋಘಸಿದ್ದಪ್ಪ ಕೈಕಟ್ಟಿ ನೋಡುತ್ತ ನಿಂತಿದ್ದ.

"ಮೇಡಂ, ನಿಮ್ಮ ಬಣ್ಣ ದಿನಕ್ಕೊಂದ ನಮೂನಿ. ಮೊನ್ನೆ ಆಗಿದ್ದ ನೀಲಿ ನಾ ಕಣ್ಣಾರೆ ನೋಡೇನಿ."

ಅದು ಉಪ್ಪಿನ ನೀಲಿ, ಯಾರ ಹಾಲಿಗೆ ಉಪ್ಪು ಹಾಕಿದರೂ ಆಗುತ್ತದೆ, ಒಳ್ಳೆಯ ಹಾಲು ಒಂದಿಷ್ಟು ಕೊಡಿ, ತೋರಿಸುತ್ತೇನೆ ಎಂದಳು ವರದಾ. ಸಾಲಿನಲ್ಲಿ ಯಾರೂ ತಮ್ಮ ಕ್ಯಾನು ಮುಂದೆ ತರಲಿಲ್ಲ. ಅಮೋಘಸಿದ್ದಪ್ಪ ನಕ್ಕು ತನ್ನ ಕ್ಯಾನನ್ನೇ ಎತ್ತಿ ಕಟ್ಟೆಯ ಮೇಲಿಟ್ಟ. ಊರಲ್ಲಿ ಇದಕ್ಕಿಂತ ಒಳ್ಳೆಯ ಹಾಲಿಲ್ಲ, ತನ್ನ ಎಮ್ಮೆಗಳು ತಿನ್ನುವುದು ಶೇಂಗಾ ಹಿಂಡಿ ಎಂದ.

ಅವಳು ಅದರಿಂದ ಒಂದು ಲೋಟ ತೆಗೆದು ಎರಡು ಪಾಲು ಮಾಡಿದಳು. ಒಂದಕ್ಕೆ ಚಿಟಿಕೆ ಉಪ್ಪು ಹಾಕಿದಳು, ಒಂದನ್ನು ಹಾಗೇ ಬಿಟ್ಟಳು. ಎರಡರ ತಿಳಿಯನ್ನೂ ಬೇರೆ ಬೇರೆ ನಳಿಕೆಗೆ ಹಾಕಿದಳು. ಉಪ್ಪು ಹಾಕಿದ್ದು ನೀಲಿಯಾಯಿತು. ಹಾಗೇ ಬಿಟ್ಟದ್ದು, ಕೊನೆಯ ಅಳತೆಯ ಉಪ್ಪುನೀರು ಬಿದ್ದ ಮೇಲೆ, ನಿಧಾನವಾಗಿ ನೇರಳೆಗೆ ಬಂದು, ಅಲ್ಲಿ ನಿಲ್ಲದೆ, ಅದೂ ನೀಲಿಯಾಯಿತು.

ವರದಾ ಹೊಸ ನಳಿಕೆ ತೆಗೆದು ಮತ್ತೊಮ್ಮೆ ಮಾಡಿದಳು. ಮತ್ತೆ ನೀಲಿ. ಆ ಯೋಜನೆಯಲ್ಲಿ ಅಷ್ಟು ಸ್ಪಷ್ಟವಾದ, ಅಷ್ಟು ಸರಿಯಾದ ನೀಲಿಯನ್ನು ಅವಳು ಊರಿನ ಹಾಲಿನಲ್ಲಿ ಕಂಡಿರಲಿಲ್ಲ. ಅವಳ ಮೂಗಿಗೆ ಹಿಂದಿನ ಖೋಲಿಯ ಮುಗ್ಗಲು ನೆನಪಾಯಿತು.

ಸಾಲಿನಲ್ಲಿದ್ದ ಮಹಾದೇವ ಮೊದಲು ಬಾಯಿಬಿಟ್ಟ. ಸಣ್ಣ ರೈತ, ದಿನವೂ ಕಾರ್ಯದರ್ಶಿಯಿಂದ ಹಾಲಿನ ಬಗ್ಗೆ ಏನಾದರೊಂದು ಕೊಂಕು ಕೇಳಿಸಿಕೊಳ್ಳುವವನು.

"ಯಾಕ್ರೀ ಕಾರ್ಯದರ್ಶಿ, ನಿಮ್ಮ ಮನ್ಯಾಗೂ ದೃಷ್ಟಿ ಅಂಜಿಕಿ ಐತೇನು?"

ಜನ ನಕ್ಕರು. ಅಮೋಘಸಿದ್ದಪ್ಪನ ಮುಖ ಒಂದು ಕ್ಷಣ ಕಪ್ಪಿಟ್ಟು, ಮರುಕ್ಷಣ ಹಗುರಾಯಿತು. ದಾರಿ ಸಿಕ್ಕಿತ್ತು. ಹೌದು, ಮನೆಯಲ್ಲಿ ಮುದುಕಿ ಇದ್ದಾಳೆ, ಅವಳೇ ಹಾಕಿರಬೇಕು ಎಂದ.

ವರದಾ ಇದು ಉಪ್ಪಲ್ಲ ಎಂದಳು. ಮಾರುವ ಕ್ಯಾನಿಗೆ ಈ ಊರಲ್ಲಿ ಯಾರೂ ಉಪ್ಪು ಹಾಕುವುದಿಲ್ಲ, ಇದು ಹಿಂಡಿಯ ಬೂಷ್ಟು, ಹಿಂದಿನ ಖೋಲಿಯ ಚೀಲ ಬಿಚ್ಚಿ ತೋರಿಸಿ ಎಂದಳು.

"ಈಗರ ನೀವ ಹೇಳಿದ್ರಿ, ಉಪ್ಪಿಗೂ ನೀಲಿ ಆಗತೈತಿ ಅಂತ," ಎಂದ ಅವನು. "ಯಲ್ಲವ್ವಂದು ಉಪ್ಪು, ನಂದು ವಿಷಾ. ಇದ್ಯಾವ ನ್ಯಾಯಾರೀ?"

ಅವಳು ಎಲ್ಲರೆದುರು ಅವನ ಹಾಲಿಗೆ ಬೆರಳದ್ದಿ ನಾಲಗೆಗೆ ಹಚ್ಚಿ, ಉಪ್ಪಿಲ್ಲ, ಬೇಕಾದರೆ ನೀವೂ ನೋಡಿ ಎಂದಳು. ಮಹಾದೇವ ಮುಂದೆ ಬಂದು ಬೊಗಸೆಯಲ್ಲಿ ಹಿಡಿದು ಕುಡಿದೇಬಿಟ್ಟ. ಬಾಯಿ ಒರೆಸಿಕೊಂಡು ಸಾಲಿನ ಕಡೆ ತಿರುಗಿದ.

"ಉಪ್ಪಿಲ್ಲ ಖರೆ. ಸಕ್ಕರಿಯಂಗ ಐತಿ. ವಿಷಾ ಹಿಂಗಿರತೈತೇನು ಮತ್ತ?"

ಆ ವಿಷಕ್ಕೆ ರುಚಿ ಇರುವುದಿಲ್ಲ ಎಂದು ವರದಾ ಹೇಳಿದ್ದು ನಗೆಯಲ್ಲಿ ಯಾರಿಗೂ ಕೇಳಲಿಲ್ಲ. ಉಪ್ಪಿದ್ದರೂ ನೀಲಿ, ಇಲ್ಲದಿದ್ದರೂ ನೀಲಿ, ಹಾಗಾದರೆ ಕೆಟ್ಟದ್ದು ನೀರೇ ಎಂದು ಒಬ್ಬ ತೀರ್ಪು ಕೊಟ್ಟ. ಎಲ್ಲರಿಗೂ ಅದು ಒಪ್ಪಿತವಾಯಿತು. ವರದಾ ಯಲ್ಲವ್ವನ ಕಡೆ ನೋಡಿದಳು. ಆಕೆಯಾದರೂ ಒಂದು ಮಾತು ಆಡಿಯಾಳು ಎಂಬ ಆಸೆ ಇತ್ತು. ಯಲ್ಲವ್ವ ತನ್ನ ಕ್ಯಾನನ್ನು ಮುಂದೆ ತಳ್ಳಿ, ಇನ್ನು ನನ್ನದೂ ಹಾಕಿಕೊಳ್ಳಿ ಎಂದು ಕಾರ್ಯದರ್ಶಿಗೆ ಹೇಳುತ್ತಿದ್ದಳು. ಅವನಿಗೆ ಬೇಡ ಅನ್ನಲು ಬಾಯಿರಲಿಲ್ಲ. ಬೇಡ ಅಂದರೆ ತನ್ನದೂ ಬೇಡವಾಗುತ್ತಿತ್ತು.

"ಇರ್ಲಿ ಬಿಡ್ರಿ ಬಾಯಾರ," ಎಂದಳು ಯಲ್ಲವ್ವ ಖಾಲಿ ಕ್ಯಾನು ಎತ್ತಿಕೊಳ್ಳುತ್ತ. "ನನ್ನ ಹಾಲ ಡೇರಿಗೆ ಹೋತು. ನಿಮ್ಮಿಂದ ಕೆಟ್ಟಿದ್ದು ನಿಮ್ಮಿಂದನ ನೆಟ್ಟಗಾತು. ಚಹಾ ಕುಡದ ಹೋಗ್ರಿ."

ಏಳೂವರೆಗೆ ಇಬ್ಬರ ಹಾಲೂ ಒಂದೇ ದೊಡ್ಡ ಕ್ಯಾನಿಗೆ ಬಿತ್ತು. ಎಂಟಕ್ಕೆ ಟ್ಯಾಂಕರ್ ಬಂದು ತುಂಬಿಕೊಂಡು ಸಾಲಹಳ್ಳಿಯ ಕಡೆ ಹೋಯಿತು.

ವರದಾ ಎರಡೂ ಹಾಲಿನ ಮಾದರಿಗಳನ್ನು ಐಸಿನಲ್ಲಿಟ್ಟು, ಯೋಜನೆಯ ಹೆಸರು ಹಾಕದೆ, ತನ್ನ ಖರ್ಚಿನಲ್ಲಿ ಹುಬ್ಬಳ್ಳಿಗೆ ಕಳಿಸಿದಳು. ಯಂತ್ರ ದುರಸ್ತಿಯಾಗಿ ವರದಿ ಬಂದದ್ದು ಮುಂದಿನ ತಿಂಗಳು. ಯಲ್ಲವ್ವನ ಹಾಲಿನಲ್ಲಿ ವಿಷ ಪತ್ತೆಯಾಗಿಲ್ಲ ಎಂದಿತ್ತು. ಅಮೋಘಸಿದ್ದಪ್ಪನ ಹಾಲಿನಲ್ಲಿ ಅದು ಕಾನೂನಿನ ಮಿತಿಗಿಂತ ಹೆಚ್ಚಾಗಿತ್ತು. ಅವಳು ವರದಿಯ ಪ್ರತಿಯನ್ನು ಅವನ ಫೋನಿಗೆ ಕಳಿಸಿದಳು. ಮೂರು ದಿನದ ಮೇಲೆ ಅವನಿಂದ ಒಂದೇ ಸಾಲಿನ ಉತ್ತರ ಬಂತು: ಆ ಹಿಂಡಿ ಮುಗಿದಿದೆ.